ಕಲಬುರಗಿಯ ಮೇಲಂತಸ್ತಿನ ಮನೆ: ರಾತ್ರಿ ಹನ್ನೊಂದಾದರೂ ಇಳಿಯದ ಸ್ಲ್ಯಾಬಿನ ಕಾವಿಗೆ ಮೊದಲು ಏನು ಮಾಡಬೇಕು?

ಮಲ್ಲಿಗೆ ಬಳ್ಳಿ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಮ್ಮದು ಸ್ವಂತ ಮನೆ. ಕೆಳಗೆ ಬಾಡಿಗೆಯವರಿದ್ದಾರೆ, ಮೇಲಂತಸ್ತಿನಲ್ಲಿ ನಾವಿದ್ದೇವೆ, ನಮ್ಮ ತಲೆಯ ಮೇಲೆ ಬರಿಯ ಆರ್‌ಸಿಸಿ ತಾರಸಿ. ಮಲಗುವ ಕೋಣೆಯ ಉದ್ದನೆಯ ಗೋಡೆ ಪಶ್ಚಿಮಕ್ಕಿದೆ. ಮನೆಯಲ್ಲಿ ವಯಸ್ಸಾದ ಮಾವನವರೂ ವರ್ಷ ತುಂಬದ ಮಗುವೂ ಇದ್ದಾರೆ. ಏಪ್ರಿಲ್ ಬಂದರೆ ನಮ್ಮ ಭಾಗದಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಬದಲಿಸುತ್ತಾರೆ. ಆದರೆ ಕಚೇರಿಯಿಂದ ಮರಳಿದ ಮೇಲೆ ಇರಬೇಕಾದದ್ದು ಅದೇ ಮನೆಯಲ್ಲಿ ತಾನೇ.

ಹಗಲಿನ ಬಿಸಿಲಿಗಿಂತ ನನ್ನನ್ನು ಹೆಚ್ಚು ಕಾಡುವುದು ರಾತ್ರಿ. ಹೊರಗೆ ಓಣಿಯಲ್ಲಿ ಗಾಳಿ ತಣ್ಣಗಾಗಿರುತ್ತದೆ, ಒಳಗೆ ಮಾತ್ರ ಹನ್ನೊಂದು ಗಂಟೆಗೂ ಗೋಡೆ ಮುಟ್ಟಿದರೆ ಕೈಗೆ ಕಾವು ತಾಕುತ್ತದೆ. ಫ್ಯಾನು ಹಾಕಿದರೆ ಮೇಲಿಂದ ಬಿಸಿಗಾಳಿಯೇ ಸುರಿಯುತ್ತದೆ. ಕೂಲರ್ ಇದೆ, ಮೊದಲ ಒಂದು ತಾಸು ಹಿತವಾಗಿರುತ್ತದೆ, ಆಮೇಲೆ ಮೈಯೆಲ್ಲ ಅಂಟಂಟು, ಹಾಸಿಗೆಯೂ ಹಸಿಹಸಿ. ಏಸಿ ಹಾಕಿಸಿಬಿಡಿ ಎಂದು ಅಂಗಡಿಯವರು ಹೇಳುತ್ತಾರೆ. ಅದಕ್ಕೆ ಮೊದಲು ಮನೆಗೇ ಮಾಡಬಹುದಾದದ್ದು ಏನಾದರೂ ಇದೆಯೇ, ಕೈಯಲ್ಲಿರುವ ಸ್ವಲ್ಪ ಹಣವನ್ನು ಯಾವುದಕ್ಕೆ ಮೊದಲು ಹಾಕಬೇಕು ಎಂದು ತಿಳಿದವರು ದಯವಿಟ್ಟು ಹೇಳಿ.

ತೊಲೆಕಂಬ (ಧಾರವಾಡ)

ಮೇಡಂ, ನಾನು ಕಟ್ಟಡ ನಿರ್ಮಾಣದ ಕೆಲಸದಲ್ಲಿ ಸೇವೆ ಮುಗಿಸಿ ನಿವೃತ್ತನಾದವನು. ನಿಮ್ಮ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರಿಸಬೇಕೆಂದರೆ: ಮೊದಲ ರೂಪಾಯಿ ತಾರಸಿಗೆ, ಎರಡನೆಯದು ಪಶ್ಚಿಮದ ಗೋಡೆಗೆ, ಯಂತ್ರಗಳಿಗೆ ಆಮೇಲೆ. ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಕಾರಣ ತಿಳಿದರೆ ಯಾರ ಮನೆಗೆ ಏನು ಬೇಕೆಂಬುದನ್ನು ಅವರವರೇ ನಿರ್ಧರಿಸಬಹುದು.

ಕಲಬುರಗಿ ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ 17 ಡಿಗ್ರಿ ದಾಟಿ. ಮೇ 9ರ ಆಸುಪಾಸಿನಲ್ಲಿ ಅಲ್ಲಿ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳುವುದಿಲ್ಲ. ಬೆಂಗಳೂರಿನಲ್ಲಿ ಇದು ಏಪ್ರಿಲ್ 24ರ ಹೊತ್ತಿಗೇ ಆಗಿಹೋಗಿರುತ್ತದೆ. ಅಂದರೆ ಬೇಸಿಗೆಯ ಅತಿ ಕಡುವಾದ ವಾರಗಳಲ್ಲಿ ಮನೆಯ ದಕ್ಷಿಣದ ಗೋಡೆಗೆ ಬಿಸಿಲು ಬೀಳುವುದೇ ಅಪರೂಪ. ಬಿಸಿಲನ್ನು ಪೂರ್ತಿಯಾಗಿ ಉಣ್ಣುವುದು ತಾರಸಿ, ನಂತರ ಬೆಳಿಗ್ಗೆ ಪೂರ್ವದ ಗೋಡೆ, ಸಂಜೆ ಪಶ್ಚಿಮದ ಗೋಡೆ. ದಕ್ಷಿಣದ ಕಿಟಕಿಗೆ ದಪ್ಪ ಪರದೆ ಹಾಕಿ ತಾರಸಿಯನ್ನು ಹಾಗೆಯೇ ಬಿಟ್ಟ ಮನೆಗಳನ್ನು ಬಹಳ ನೋಡಿದ್ದೇನೆ.

ಮಳೆ ಬಿದ್ದು, ಪಾಚಿ ಕಟ್ಟಿ ಕಪ್ಪಾದ ಹಳೆಯ ಕಾಂಕ್ರೀಟು ಬಿದ್ದ ಬಿಸಿಲಿನಲ್ಲಿ ಮೂರನೆಯ ಒಂದು ಪಾಲನ್ನೂ ಹಿಂದಕ್ಕೆ ಕಳಿಸುವುದಿಲ್ಲ, ಉಳಿದದ್ದನ್ನೆಲ್ಲ ಹೀರಿಕೊಳ್ಳುತ್ತದೆ. ಮೇ ತಿಂಗಳ ಮಧ್ಯಾಹ್ನ ಅದರ ಮೇಲ್ಮೈ 60 ಡಿಗ್ರಿ ದಾಟುತ್ತದೆ. ಐದು ಇಂಚಿನ ಸ್ಲ್ಯಾಬಿನಲ್ಲಿ ಆ ಶಾಖ ಕೆಳಮುಖಕ್ಕೆ ಇಳಿದು ಬರಲು ಮೂರ್ನಾಲ್ಕು ತಾಸು ಹಿಡಿಯುತ್ತದೆ. ಆದ್ದರಿಂದ ಹೊರಗೆ ಹೊತ್ತು ಇಳಿಯುವಾಗ ಒಳಗಿನ ಛಾವಣಿಯ ಕಾವು ಏರುತ್ತಿರುತ್ತದೆ. ಒಲೆ ಆರಿದ ಮೇಲೂ ರೊಟ್ಟಿಯ ಹಂಚು ಸುಡುವ ಹಾಗೆ, ಸ್ಲ್ಯಾಬು ನಡುರಾತ್ರಿಯವರೆಗೂ ಕೆಳಗಿನವರ ಮೇಲೆ ಕಾವು ಬೀರುತ್ತಲೇ ಇರುತ್ತದೆ. ನಿಮ್ಮ ಫ್ಯಾನಿನಿಂದ ಬಿಸಿಗಾಳಿ ಸುರಿಯುವುದು ಇದರಿಂದಲೇ; ಛಾವಣಿಗೆ ತಾಗಿ ನಿಂತ ಬಿಸಿಗಾಳಿಯನ್ನೇ ಅದು ಕೆಳಕ್ಕೆ ತಳ್ಳುತ್ತದೆ.

ಇದಕ್ಕೆ ಅತ್ಯಂತ ಅಗ್ಗದ ಪರಿಹಾರ ತಾರಸಿಗೆ ಬಿಳಿ ಸುಣ್ಣ. ಹೊಸದಾಗಿ ಬಳಿದ ಸುಣ್ಣ ಬಿದ್ದ ಬಿಸಿಲಿನ ಮುಕ್ಕಾಲು ಪಾಲಿನಷ್ಟನ್ನು ಹಾಗೆಯೇ ಆಕಾಶಕ್ಕೆ ಹಿಂದಿರುಗಿಸುತ್ತದೆ. 2010ರ ಬಿಸಿಗಾಳಿಯಲ್ಲಿ ಬಹಳ ಜೀವಗಳನ್ನು ಕಳೆದುಕೊಂಡ ಅಹಮದಾಬಾದ್ ನಗರ 2013ರಲ್ಲಿ ಶಾಖ ಎದುರಿಸುವ ಯೋಜನೆಯನ್ನು ರೂಪಿಸಿತು; ಮುಂದೆ ಬಡವರ ಮನೆಗಳ ಛಾವಣಿಗೆ ಬಿಳಿ ಬಳಿಯುವ ಕೆಲಸವನ್ನೂ ಅದರ ಜೊತೆಗೆ ಕೈಗೆತ್ತಿಕೊಂಡಿತು. ನಿಮ್ಮ ಗಡಿಯಾಚೆಯ ತೆಲಂಗಾಣವಂತೂ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿಯನ್ನು ತಂದಿದೆ. ಅಷ್ಟೇ ಬಿಸಿಲು ಬೀಳುವ ನಮ್ಮ ಕಲ್ಯಾಣ ಕರ್ನಾಟಕದಲ್ಲಿ ಇದು ಮನೆಮನೆಯ ವಾಡಿಕೆ ಆಗಬೇಕಿತ್ತು ಎಂಬ ಆಸೆ ನನಗೆ ಬಹಳ ಕಾಲದಿಂದ ಇದೆ.

ಗಾರೆ ಕರಣೆ (ರಾಯಚೂರು)

ಸರ್ ಹೇಳಿದ್ದು ಸರಿಯಾಗಿದೆ. ಸುಣ್ಣ ಬಳಿಯುವ ಕೆಲಸವನ್ನು ನಾನೇ ಕೈಯಾರೆ ಮಾಡುವವನಾದ್ದರಿಂದ ಅದರ ವಿಧಾನವನ್ನು ಬರೆಯುತ್ತೇನೆ, ಏಕೆಂದರೆ ಹೆಚ್ಚಿನವರ ಸುಣ್ಣ ಒಂದೇ ತಿಂಗಳಲ್ಲಿ ಪುಡಿಯಾಗಿ ಎದ್ದುಹೋಗುವುದಕ್ಕೆ ಕಾರಣ ಸುಣ್ಣವಲ್ಲ, ಬಳಿದ ರೀತಿ.

ಮೊದಲು ತಾರಸಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಪಾಚಿ ಮತ್ತು ಧೂಳನ್ನು ಪೂರ್ತಿ ತೆಗೆಯಬೇಕು. ಬಿರುಕುಗಳಿದ್ದರೆ ಆಗಲೇ ತುಂಬಿಕೊಳ್ಳಬೇಕು, ಸುಣ್ಣ ಬಳಿದ ಮೇಲೆ ಅವು ಕಾಣುವುದಿಲ್ಲ. ಸುಣ್ಣವನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ತೆಳುಬಟ್ಟೆಯಲ್ಲಿ ಸೋಸಿ, ಸುಣ್ಣಕ್ಕೆ ಬೆರೆಸುವುದಕ್ಕೆಂದೇ ಪೇಂಟಿನ ಅಂಗಡಿಯಲ್ಲಿ ಸಿಗುವ ಅಂಟನ್ನು ಸೇರಿಸಬೇಕು. ಕುದಿಯುವ ಹರಳು ಸುಣ್ಣ ತಂದಿದ್ದರೆ ಅದನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೆನೆಸಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಅದು ಕುದಿಯುವಾಗ ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು. ಕಟ್ಟಿದ ಚೀಲದಲ್ಲಿ ಬರುವ ಪುಡಿ ಸುಣ್ಣ ಮನೆಯವರಿಗೆ ಕ್ಷೇಮ.

ಬಳಿಯುವುದು ನಸುಕಿನಲ್ಲಿ, ತಾರಸಿ ತಣ್ಣಗಿರುವಾಗ. ಮೊದಲು ನೀರು ಚಿಮುಕಿಸಿ ಒದ್ದೆ ಮಾಡಿಕೊಂಡು, ಹಾಲಿನಷ್ಟು ತೆಳ್ಳಗೆ ಒಂದು ಕೈ ಹೊಡೆದು, ಅದು ಒಣಗಿದ ಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ದಪ್ಪನಾಗಿ ಒಂದೇ ಸಲ ಹೊಡೆದರೆ ಮಧ್ಯಾಹ್ನದ ಬಿಸಿಲಿಗೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಪ್ಯಾರಪೆಟ್ ಗೋಡೆಯ ಒಳಮೈಯನ್ನೂ ನೀರಿನ ಟಾಕಿಯ ಮೈಯನ್ನೂ ಬಿಡಬೇಡಿ. ಕಪ್ಪು ಟಾಕಿಯ ಸುತ್ತ ಗೋಣಿಚೀಲ ಸುತ್ತಿದರೂ ಸಾಕು, ಸಂಜೆ ನಲ್ಲಿಯಲ್ಲಿ ಸುಡುವ ನೀರು ಬರುವುದು ತಪ್ಪುತ್ತದೆ.

ಒಂದು ಎಚ್ಚರಿಕೆ. ಮಳೆನೀರನ್ನು ಸಂಪ್ ತೊಟ್ಟಿಗೆ ಇಳಿಸಿಕೊಳ್ಳುವವರು ಮೊದಲ ಕೆಲವು ಮಳೆಗಳ ನೀರನ್ನು ಹೊರಗೆ ಬಿಡಬೇಕು. ಸುಣ್ಣ ಒಂದು ಮಳೆಗಾಲ ಕಳೆದರೆ ಬಹುಪಾಲು ತೊಳೆದುಹೋಗುತ್ತದೆ, ಪ್ರತಿ ವರ್ಷ ಮಾರ್ಚಿನಲ್ಲಿ ಮತ್ತೆ ಬಳಿಯಬೇಕು. ಅದು ಬೇಡವೆನ್ನುವವರು ತಂಪು ಛಾವಣಿಯ ಪೇಂಟ್ ಹೊಡೆಸಬಹುದು. ಖರ್ಚು ಹಲವು ಪಟ್ಟು ಹೆಚ್ಚು, ಆದರೆ ಕೆಲವು ವರ್ಷ ಬಾಳುತ್ತದೆ. ಬಿಳಿ ಟೈಲ್ಸಿನ ಚೂರುಗಳನ್ನು ಹಾಸಿ ಗಾರೆಯಲ್ಲಿ ಕೂರಿಸುವುದು ಎಲ್ಲಕ್ಕಿಂತ ಬಾಳಿಕೆಯದು, ಅದನ್ನು ಗುಡಿಸಿ ಬಿಳುಪಾಗಿ ಇಟ್ಟುಕೊಂಡರೆ ಮಾತ್ರ. ಧೂಳು ಕೂತರೆ ಯಾವ ಬಿಳುಪೂ ಕೆಲಸ ಮಾಡುವುದಿಲ್ಲ.

ಮಾಳಿಗೆ ಮನೆ (ಬಾಗಲಕೋಟೆ)

ನಮ್ಮ ಊರಿನ ಹಳೆಯ ಮಣ್ಣಿನ ಮಾಳಿಗೆಯನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ತೊಲೆ, ಜಂತೆ, ಅದರ ಮೇಲೆ ಹಲಗೆ, ಅದರ ಮೇಲೆ ಒಂದಡಿಗೂ ಮಿಕ್ಕಿದ ಮಣ್ಣು. ಎರಡು ಮೂರು ಅಡಿ ದಪ್ಪದ ಗೋಡೆ. ಗೋಡೆಯಲ್ಲಿ ಸಣ್ಣ ಕಿಟಕಿ, ಮಾಳಿಗೆಯಲ್ಲಿ ಬೆಳಕಿಂಡಿ. ಮಳೆಗಾಲಕ್ಕೆ ಮುಂಚೆ ಮೇಲೆ ಸವಳು ಮಣ್ಣು ಹರಡಿ ಗಟ್ಟಿ ಮಾಡಿದರೆ ನೀರೂ ಇಳಿಯುತ್ತಿರಲಿಲ್ಲ. ಹಗಲಿನ ಬಿಸಿಲು ಅಷ್ಟು ದಪ್ಪದ ಮಣ್ಣನ್ನು ದಾಟಿ ಒಳಗೆ ಬರುವಷ್ಟರಲ್ಲಿ ರಾತ್ರಿಯಾಗಿರುತ್ತಿತ್ತು, ಆ ಹೊತ್ತಿಗೆ ಮನೆಮಂದಿಯೆಲ್ಲ ಮಾಳಿಗೆಯ ಮೇಲೆಯೇ ಮಲಗಿರುತ್ತಿದ್ದರು. ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದ ಪಡಸಾಲೆಯಲ್ಲಿ ಮಧ್ಯಾಹ್ನ ಬರಿಮೈಯಲ್ಲಿ ಮಲಗಿದ ಸುಖವನ್ನು ಅನುಭವಿಸಿದವರೇ ಬಲ್ಲರು. ಅಂಥ ಮನೆಗಳನ್ನು ಕೆಡವಿ ಸ್ಲ್ಯಾಬ್ ಹಾಕಿಸಿಕೊಳ್ಳುತ್ತಿರುವವರಿಗೆ ನನ್ನದೊಂದು ಬೇಡಿಕೆ: ಇಡೀ ಮನೆ ಕೆಡವಲೇಬೇಕಾದರೂ ಒಂದು ಕೋಣೆಯನ್ನಾದರೂ ದುರಸ್ತಿ ಮಾಡಿಸಿ ಉಳಿಸಿಕೊಳ್ಳಿ.

ಮೇಡಂ ಅವರಿಗೆ ನನ್ನ ಸಲಹೆ: ಸಂಜೆ ತಾರಸಿಗೆ ನಾಲ್ಕಾರು ಕೊಡ ನೀರು ಹೊಯ್ಯಿರಿ, ರಾತ್ರಿ ಕೋಣೆ ತಣ್ಣಗಾಗುತ್ತದೆ. ನಮ್ಮಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ.

ತೊಲೆಕಂಬ (ಧಾರವಾಡ)

ಮಾಳಿಗೆಯ ಬಗ್ಗೆ ನೀವು ಬರೆದ ಒಂದೊಂದು ಮಾತನ್ನೂ ಒಪ್ಪುತ್ತೇನೆ, ನೀರು ಹೊಯ್ಯುವ ಮಾತನ್ನು ಮಾತ್ರ ಒಪ್ಪಲಾರೆ. ಒಂದು ಲೀಟರ್ ನೀರು ಆವಿಯಾಗಲು ಅರ್ಧ ಯೂನಿಟ್ಟಿಗೂ ಹೆಚ್ಚು ವಿದ್ಯುತ್ತಿನಷ್ಟು ಶಾಖವನ್ನು ಎಳೆದುಕೊಳ್ಳುತ್ತದೆ ಎಂಬುದು ನಿಜ, ಅದರಿಂದ ತಂಪಾಗುವುದೂ ನಿಜ. ಆದರೆ ಕೊಡದಲ್ಲಿ ಹೊಯ್ದ ನೀರಿನ ಬಹುಪಾಲು ಆವಿಯಾಗದೆ ಕೊಳವೆಯಲ್ಲಿ ಹರಿದುಹೋಗುತ್ತದೆ. ಬೇಸಿಗೆಯಲ್ಲಿ ನಲ್ಲಿಗೆ ದಿನಗಟ್ಟಲೆ ನೀರು ಬಾರದ ಊರುಗಳಲ್ಲಿ ಇದನ್ನು ಸಲಹೆಯೆಂದು ಕೊಡಲು ನನಗೆ ಮನಸ್ಸು ಬರುವುದಿಲ್ಲ. ಇದಲ್ಲದೆ, ಕಾದ ಕಾಂಕ್ರೀಟು ದಿನವೂ ಹಠಾತ್ತನೆ ತಣಿದು ಮರುದಿನ ಮತ್ತೆ ಕಾದರೆ ಇದ್ದ ಬಿರುಕುಗಳು ಬೆಳೆಯುತ್ತವೆ, ಅವುಗಳಲ್ಲಿ ನೀರು ಇಳಿದು ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಬೇಕೇ ಬೇಕೆಂದಾದರೆ ಪಾತ್ರೆ ತೊಳೆದ ನೀರಿನಲ್ಲಿ ಗೋಣಿತಟ್ಟು ನೆನೆಸಿ, ಮಾವನವರ ಕೋಣೆಯ ಮೇಲಷ್ಟೇ ಹಾಸಿ. ಸ್ವಲ್ಪ ನೀರಿನಲ್ಲಿ ಬಹಳ ಹೊತ್ತು ತಂಪಿರುತ್ತದೆ.

ತಾರಸಿತೋಟದ ಬಗ್ಗೆಯೂ ಈಗಲೇ ಹೇಳಿಬಿಡುತ್ತೇನೆ, ಯಾರಾದರೂ ಕೇಳುತ್ತಾರೆ. ಕುಂಡಗಳನ್ನು ಇಡಿ, ತೊಂದರೆಯಿಲ್ಲ. ಇಡೀ ತಾರಸಿಗೆ ಅರ್ಧ ಅಡಿ ಮಣ್ಣು ತುಂಬಬೇಡಿ. ಸಾಮಾನ್ಯವಾಗಿ ಓಡಾಡುವ ತಾರಸಿಯನ್ನು ಚದರ ಮೀಟರಿಗೆ 150 ಕಿಲೋ ಹೆಚ್ಚುವರಿ ಭಾರಕ್ಕೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಅರ್ಧ ಅಡಿ ಹಸಿಮಣ್ಣು ಚದರ ಮೀಟರಿಗೆ 250 ಕಿಲೋ ಮೀರುತ್ತದೆ.

ಕಡಲತಡಿ (ಮಂಗಳೂರು)

ಕೂಲರಿನ ವಿಷಯ ಯಾರೂ ಎತ್ತಲಿಲ್ಲ. ಮಂಗಳೂರಿನಲ್ಲಿ ಅದನ್ನು ಕೊಂಡವರೆಲ್ಲ ಮೂಲೆಗಿಟ್ಟಿದ್ದಾರೆ. ಕಲಬುರಗಿಯಲ್ಲೂ ಅಂಟು ಬರುತ್ತದೆಂದರೆ ಆ ಯಂತ್ರದಿಂದ ಪ್ರಯೋಜನವೇ ಇಲ್ಲವೇ?

ತೊಲೆಕಂಬ (ಧಾರವಾಡ)

ಪ್ರಯೋಜನವಿದೆ, ಆದರೆ ಊರು ನೋಡಿ. ಕೂಲರ್ ಗಾಳಿಯನ್ನು ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ತೋರಿಸುವ ಮಟ್ಟದ ಕೆಳಗೆ ಇಳಿಸಲಾರದು. ಕಲಬುರಗಿಯಲ್ಲಿ ಹೊರಗೆ 42 ಡಿಗ್ರಿ ಇದ್ದು ತೇವಾಂಶ ಶೇ. 20 ಇದ್ದರೆ ಆ ಮಟ್ಟ 24 ಡಿಗ್ರಿಯ ಆಸುಪಾಸು ಬರುತ್ತದೆ. ಒಳ್ಳೆಯ ಕೂಲರ್ ಆ ಅಂತರದ ಐದರಲ್ಲಿ ನಾಲ್ಕು ಪಾಲನ್ನು ಕ್ರಮಿಸಿ 28ರ ಹತ್ತಿರದ ಗಾಳಿ ಕೊಡುತ್ತದೆ; ಕಡಿಮೆ ಖರ್ಚಿನಲ್ಲಿ ಇಷ್ಟು ಇಳಿಸುವ ಸಾಧನ ಬೇರೊಂದಿಲ್ಲ. ಮಂಗಳೂರಿನಲ್ಲಿ 34 ಡಿಗ್ರಿ, ತೇವಾಂಶ ಶೇ. 65 ಇದ್ದರೆ ಆ ಮಟ್ಟವೇ 28 ದಾಟಿರುತ್ತದೆ. ಅಲ್ಲಿ ಕೂಲರ್ ನಾಲ್ಕು ಡಿಗ್ರಿ ಇಳಿಸಿದರೂ ಗಾಳಿಯನ್ನು ಎಷ್ಟು ಒದ್ದೆ ಮಾಡುತ್ತದೆಂದರೆ ಮೈಯ ಬೆವರು ಆರುವುದೇ ನಿಂತುಹೋಗುತ್ತದೆ.

ಮೇಡಂ ಅವರ ಮನೆಯಲ್ಲಿ ಆಗುತ್ತಿರುವುದು ಇದೇ, ಕೋಣೆಯ ಒಳಗೆ. ಕೂಲರನ್ನು ಕೋಣೆಯ ನಡುವೆ ಇಟ್ಟು ಬಾಗಿಲು ಕಿಟಕಿ ಮುಚ್ಚಿದರೆ ಅದು ಅದೇ ಗಾಳಿಯನ್ನು ಮತ್ತೆ ಮತ್ತೆ ನೆನೆಸುತ್ತದೆ. ಒಂದು ತಾಸಿಗೆ ಕೋಣೆಯ ಗಾಳಿ ಮಂಗಳೂರಿನ ಗಾಳಿಯಾಗಿರುತ್ತದೆ. ಕೂಲರಿನ ಬೆನ್ನು ಹೊರಗಿನ ಒಣಗಾಳಿಗೆ ಇರಬೇಕು, ಅಂದರೆ ಕಿಟಕಿಯ ಹೊರಗಿಡಬೇಕು, ಇಲ್ಲವೇ ಕಿಟಕಿಗೆ ಆನಿಸಿ ಒಳಗಿಡಬೇಕು. ಅದಕ್ಕೆ ಎದುರಾಗಿ, ಕೋಣೆಯ ಇನ್ನೊಂದು ತುದಿಯಲ್ಲಿ, ಒಂದು ಕಿಟಕಿಯನ್ನು ಗೇಣಗಲ ತೆರೆದಿರಬೇಕು, ಅಥವಾ ಎಕ್ಸಾಸ್ಟ್ ಫ್ಯಾನ್ ಓಡುತ್ತಿರಬೇಕು. ಒಳಬಂದ ತಂಪುಗಾಳಿ ಹಳೆಯದನ್ನು ಹೊರಕ್ಕೆ ತಳ್ಳಿಕೊಂಡು ಹೋಗುತ್ತದೆ, ಹಾಸಿಗೆ ಹಸಿಯಾಗುವುದಿಲ್ಲ.

ಮಲ್ಲಿಗೆ ಬಳ್ಳಿ (ಕಲಬುರಗಿ)

ಸರ್, ನಿಮ್ಮ ಉತ್ತರ ಓದಿದ ಸಂಜೆಯೇ ಕೂಲರನ್ನು ಪೂರ್ವದ ಕಿಟಕಿಗೆ ಸರಿಸಿ, ಎದುರಿನ ಕಿಟಕಿಯನ್ನು ಸ್ವಲ್ಪ ತೆರೆದಿಟ್ಟೆವು. ಅಂಟು ನಿಂತಿದೆ. ಇಷ್ಟು ಸಣ್ಣ ಬದಲಾವಣೆಯಿಂದ ಇಷ್ಟು ವ್ಯತ್ಯಾಸವಾಗುತ್ತದೆಂದು ಮನೆಯಲ್ಲಿ ಯಾರೂ ನಂಬಿರಲಿಲ್ಲ, ಮಾವನವರೇ ಬಹಳ ಸಂತೋಷಪಟ್ಟರು. ತಾರಸಿಗೆ ಸುಣ್ಣ ಹೊಡೆಯಲು ಆಳು ಗೊತ್ತುಮಾಡಿದ್ದೇವೆ.

ಇನ್ನೊಂದು ಸಂದೇಹವಿದೆ. ಗಾಳಿಯಾಡಲಿ ಎಂದು ನಾವು ಹಗಲೆಲ್ಲ ಕಿಟಕಿ ತೆರೆದಿಡುತ್ತೇವೆ. ಅತ್ತೆಯವರ ತವರಿನಲ್ಲಿ ಹಗಲು ಎಲ್ಲವನ್ನೂ ಮುಚ್ಚುತ್ತಿದ್ದರಂತೆ. ಯಾವುದು ಸರಿ?

ಗಾರೆ ಕರಣೆ (ರಾಯಚೂರು)

ಅತ್ತೆಯವರ ತವರಿನವರು ಮಾಡಿದ್ದು ಸರಿ.

ತೊಲೆಕಂಬ (ಧಾರವಾಡ)

ಒಣಸೀಮೆಗೆ ಅದೇ ಸರಿ. ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿಯಿರುವಷ್ಟು ಹೊತ್ತು ಕಿಟಕಿ ತೆರೆಯುವುದೆಂದರೆ ಬಿಸಿಯನ್ನು ಕರೆದು ಒಳಗೆ ಕೂರಿಸಿದ ಹಾಗೆ. ಬೆಳಿಗ್ಗೆ ಎಂಟರ ಒಳಗೆ ಎಲ್ಲ ಕಿಟಕಿಗಳನ್ನು ಮುಚ್ಚಿ, ಪರದೆ ಎಳೆಯಿರಿ. ಕೂಲರ್ ಓಡುವ ಕೋಣೆಗೆ ಮಾತ್ರ ಮೇಲೆ ಹೇಳಿದಂತೆ ಗಾಳಿಯ ದಾರಿ ಇರಲಿ. ರಾತ್ರಿ ಎಂಟು ಒಂಬತ್ತರ ಹೊತ್ತಿಗೆ ಹೊರಗೆ ತಣಿದದ್ದು ಗೊತ್ತಾದ ಕೂಡಲೇ ಎಲ್ಲವನ್ನೂ ತೆರೆಯಿರಿ, ಬೆಳಗಿನ ಜಾವದವರೆಗೂ ತೆರೆದಿರಲಿ, ಸೊಳ್ಳೆ ಜಾಲರಿ ಇರಲೇಬೇಕು. ಇಡೀ ರಾತ್ರಿ ಹರಿದ ತಂಪುಗಾಳಿ ಗೋಡೆ ಮತ್ತು ನೆಲದ ಕಾವನ್ನು ಹೊತ್ತೊಯ್ದರೆ ಮರುದಿನ ಮಧ್ಯಾಹ್ನದವರೆಗೂ ಆ ಗೋಡೆಗಳೇ ನಿಮಗೆ ತಂಪು ಕೊಡುತ್ತವೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನನ್ನು ರಾತ್ರಿ ಒಂದೆರಡು ತಾಸು ಓಡಿಸಿ, ಮಲಗುವ ಕೋಣೆಯ ಕಿಟಕಿ ತೆರೆದಿಟ್ಟರೆ ಗಾಳಿ ಮನೆಯುದ್ದಕ್ಕೂ ಹಾಯುತ್ತದೆ. ಕರಾವಳಿಗೆ ಈ ಮಾತು ಅನ್ವಯಿಸುವುದಿಲ್ಲ.

ಕಡಲತಡಿ (ಮಂಗಳೂರು)

ಹೌದು, ನಮ್ಮಲ್ಲಿ ಹಗಲು ರಾತ್ರಿಯ ವ್ಯತ್ಯಾಸವೇ ಕಡಿಮೆ. ಮುಚ್ಚಿಟ್ಟರೆ ಉಸಿರುಕಟ್ಟುತ್ತದೆ, ಗಾಳಿ ಮೈಮೇಲೆ ಹಾಯುತ್ತಿದ್ದರೆ ಮಾತ್ರ ಬೆವರು ಆರುತ್ತದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ಎಲ್ಲ ಕಡೆಗೂ ಹೋಯಿತು. ಆ ಹಂಚಿನ ಸಂದುಗಳಲ್ಲೇ ಬಿಸಿಗಾಳಿ ಮೇಲೇರಿ ಹೊರಬೀಳುತ್ತದೆ. ಈಗ ತಾರಸಿ ಮನೆಯವರೂ ಸೋರಿಕೆಯ ಕಾರಣಕ್ಕೆ ಮೇಲೆ ಶೀಟ್ ಹಾಕಿಸುತ್ತಾರೆ. ಮಾಡಿಸುವವರು ನಾಲ್ಕೂ ಕಡೆ ತೆರೆದಿಟ್ಟರೆ ಅದು ತಾರಸಿಗೆ ಕೊಡೆಯಾಗುತ್ತದೆ. ಸುತ್ತ ಮುಚ್ಚಿಬಿಟ್ಟರೆ ಬಿಸಿಗಾಳಿ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಅಡಿಕೆ ಸೋಗೆಯ ಚಪ್ಪರ ಅಂಗಳಕ್ಕೆ ಕೊಡುವ ತಂಪನ್ನು ಯಾವ ಶೀಟೂ ಕೊಡಲಾರದು, ಆದರೆ ಪೇಟೆಯಲ್ಲಿ ಅದನ್ನು ಹೊದೆಸುವ ಕೈಗಳೇ ಇಲ್ಲ.

ನೀಲಿ ಶಾಯಿ (ಬಳ್ಳಾರಿ)

ನಮಸ್ಕಾರ. ಇಲ್ಲಿ ಎಲ್ಲರದೂ ತಾರಸಿ ಮನೆ. ನಾವು ಸಿಮೆಂಟ್ ಶೀಟಿನ ಬಾಡಿಗೆ ಮನೆಯಲ್ಲಿದ್ದೇವೆ, ಎರಡು ಕೋಣೆ, ಎತ್ತರವೂ ಕಡಿಮೆ. ಮಧ್ಯಾಹ್ನ ಒಳಗೆ ಕೂರಲು ಸಾಧ್ಯವೇ ಇಲ್ಲ, ಹೆಂಡತಿ ಮಕ್ಕಳು ಗುಡಿಯ ಕಟ್ಟೆಗೆ ಹೋಗಿ ಕೂರುತ್ತಾರೆ. ಮನೆಯ ಮಾಲೀಕರು ಒಂದು ಮೊಳೆ ಹೊಡೆಯಲೂ ಬಿಡುವುದಿಲ್ಲ. ನಮ್ಮಂಥವರಿಗೆ ಏನು ದಾರಿ?

ಗಾರೆ ಕರಣೆ (ರಾಯಚೂರು)

ಅಣ್ಣ, ಶೀಟು ತೆಳ್ಳಗಿರುವುದರಿಂದ ಬಿಸಿಲು ಬಿದ್ದ ಅರೆಗಳಿಗೆಯಲ್ಲೇ ಕಾವು ಕೆಳಗೆ ಇಳಿಯುತ್ತದೆ; ಆದರೆ ಹೊತ್ತು ಮುಳುಗಿದ ಮೇಲೆ ಬೇಗನೆ ಆರುತ್ತದೆ ಕೂಡ. ಸುಣ್ಣದಿಂದ ಅತಿ ಹೆಚ್ಚು ಲಾಭವಾಗುವುದು ಶೀಟಿನ ಮನೆಗೇ. ಮಾಲೀಕರಿಗೆ ಖರ್ಚಿಲ್ಲ, ಶೀಟಿಗೂ ಹಾನಿಯಿಲ್ಲ ಎಂದು ತಿಳಿಸಿ ಹೇಳಿ, ಒಪ್ಪಬಹುದು. ಆದರೆ ಮೂರು ಮಾತು ನೆನಪಿಡಿ. ಶೀಟಿನ ಮೇಲೆ ನೇರವಾಗಿ ಕಾಲಿಡಬೇಡಿ, ಅಡಿಯಲ್ಲಿ ಪಟ್ಟಿ ಇರುವ ಕಡೆ ಹಲಗೆ ಇಟ್ಟುಕೊಂಡು ಕೆಲಸ ಮಾಡಿ. ಶೀಟು ಮುರಿದು ಬಿದ್ದು ಸೊಂಟ ಮುರಿದುಕೊಂಡವರನ್ನು ಕಂಡಿದ್ದೇನೆ. ಹಳೆಯ ಶೀಟುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಅದನ್ನು ಒಣಗಿದ್ದಾಗ ಉಜ್ಜುವುದು, ಕೊರೆಯುವುದು, ಕತ್ತರಿಸುವುದು ಬೇಡವೇ ಬೇಡ, ಆ ಧೂಳು ಶ್ವಾಸಕೋಶಕ್ಕೆ ವಿಷ. ನೀರು ಹಾಕಿ ಒದ್ದೆ ಮಾಡಿ ಮೆಲ್ಲಗೆ ಗುಡಿಸಿ, ಅದರ ಮೇಲೆ ಸುಣ್ಣ ಬಳಿಯಿರಿ. ಮೂರನೆಯದಾಗಿ, ಶೀಟಿನ ಮೇಲೆ ಜೋಳದ ಕಣಿಕೆ ಹಾಸುವವರಿದ್ದಾರೆ. ತಂಪು ನಿಜ, ಒಂದು ಕಿಡಿ ಬಿದ್ದರೆ ಓಣಿಯೇ ಹೊತ್ತಿಕೊಳ್ಳುತ್ತದೆ. ಒಳಗಡೆ ಥರ್ಮಾಕೋಲ್ ಅಂಟಿಸುವುದೂ ಹಾಗೆಯೇ, ಬೆಂಕಿ ತಗುಲಿದರೆ ಉರಿಯುತ್ತ ಮೈಮೇಲೆ ಸುರಿಯುತ್ತದೆ.

ಮೊಳೆ ಹೊಡೆಯದೆ ಮಾಡಬಹುದಾದದ್ದು ಒಳಚಾವಣಿ. ಗೋಡೆಯಿಂದ ಗೋಡೆಗೆ ಬಿದಿರು ಆನಿಸಿ, ಶೀಟಿಗಿಂತ ಒಂದಡಿ ಕೆಳಗೆ ದಪ್ಪ ಹತ್ತಿಯ ಹಳೆಯ ಜಮಖಾನ ಅಥವಾ ಎರಡು ಪದರದ ಸೀರೆ ಎಳೆದು ಕಟ್ಟಿ, ಒಲೆಯ ಮೇಲ್ಭಾಗ ಬಿಟ್ಟು. ಗೋಡೆಗೂ ಶೀಟಿಗೂ ನಡುವಿನ ಸಂದನ್ನು ಮಾತ್ರ ಮುಚ್ಚಬೇಡಿ, ಬಿಸಿಗಾಳಿ ಅಲ್ಲಿಂದಲೇ ಹೊರಹೋಗಬೇಕು. ಕಾದ ಶೀಟು ನೇರವಾಗಿ ನೆತ್ತಿಗೆ ಬಡಿಯುವುದು ಇದರಿಂದ ಬಹಳ ಕಡಿಮೆಯಾಗುತ್ತದೆ.

ಬೆಳಗಿನ ಪಾಳಿ (ವಿಜಯಪುರ)

ನಾನು ಆಸ್ಪತ್ರೆಯಲ್ಲಿ ಶುಶ್ರೂಷಕಿ. ಮನೆಯ ಮಾತು ನಡೆಯುತ್ತಿರುವಾಗ ಮನೆಯೊಳಗಿನವರ ಮಾತನ್ನೂ ಸೇರಿಸಬೇಕೆನಿಸಿತು. ಫ್ಯಾನು ಗಾಳಿಯನ್ನು ತಣಿಸುವುದಿಲ್ಲ, ಬೆವರನ್ನು ಆರಿಸಿ ಮೈಯನ್ನು ತಣಿಸುತ್ತದೆ. ಕೋಣೆಯ ಗಾಳಿ 40 ಡಿಗ್ರಿ ಮುಟ್ಟಿದ ಮೇಲೆ ಬರಿಯ ಫ್ಯಾನು ಮೈಯನ್ನು ಕಾಯಿಸುತ್ತದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಸುತ್ತದೆ. ವಯಸ್ಸಾದವರಿಗೆ ಬೆವರುವುದೂ ಕಡಿಮೆ, ಬಾಯಾರಿಕೆಯೂ ಕಡಿಮೆ. ಆದ್ದರಿಂದ ಮಾವನವರು ಕೇಳುವವರೆಗೆ ಕಾಯದೆ ಮಡಕೆಯ ನೀರನ್ನೋ ಮಜ್ಜಿಗೆಯನ್ನೋ ಆಗಾಗ ನೀವೇ ಕೈಗೆ ಕೊಡಬೇಕು. ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರಾದರೆ ಎಷ್ಟು ನೀರು, ಎಷ್ಟು ಉಪ್ಪು ಎಂಬುದನ್ನು ವೈದ್ಯರಲ್ಲಿ ಕೇಳಿಕೊಳ್ಳಿ. ತೊಟ್ಟಿಲಿಗೆ ಬಿಸಿಲು ತಾಗದಿರಲೆಂದು ಅದರ ಮೇಲೆ ಬಟ್ಟೆ ಮುಚ್ಚುವವರಿದ್ದಾರೆ, ಅದು ಒಳಗೆ ಬಿಸಿ ಕಟ್ಟುತ್ತದೆ. ತೆಳುವಾದ ಸೊಳ್ಳೆಪರದೆ ಸಾಕು. ಆರು ತಿಂಗಳೊಳಗಿನ ಕೂಸಿಗೆ ನೀರು ಬೇಡ, ತಾಯಿಹಾಲನ್ನೇ ಹೆಚ್ಚು ಸಲ ಕೊಡಿ.

ಯಾರಾದರೂ ತೊದಲಿದರೆ, ಗೊಂದಲಗೊಂಡಂತೆ ಮಾತನಾಡಿದರೆ, ಮೈ ಸುಡುತ್ತಿದ್ದು ಎಚ್ಚರ ತಪ್ಪಿದರೆ, ಅದನ್ನು ಬರಿಯ ಸುಸ್ತು ಎಂದುಕೊಳ್ಳಬೇಡಿ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ನೆರಳಿನಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಿರಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಕೂಲರಿನ ನೀರನ್ನು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ, ತೊಟ್ಟಿಯನ್ನು ಉಜ್ಜಿ ಒಣಗಿಸಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ನೀರಿನಲ್ಲೇ. ನೀರು ತುಂಬುವಾಗ ಸ್ವಿಚ್ ಆರಿಸಿ ಪ್ಲಗ್ ಕೀಳುವುದನ್ನು ಮನೆಯ ಎಲ್ಲರಿಗೂ ಕಲಿಸಿ. ತಗಡಿನ ಕೂಲರಿಗೆ ಅರ್ತಿಂಗ್ ಇಲ್ಲದೆ ಬೇಸಿಗೆಯಲ್ಲಿ ಜೀವ ಕಳೆದುಕೊಂಡವರಿದ್ದಾರೆ.

ಮಲ್ಲಿಗೆ ಬಳ್ಳಿ (ಕಲಬುರಗಿ)

ಅಕ್ಕ, ನಿಮ್ಮ ಮಾತುಗಳನ್ನು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ.

ತಾರಸಿಗೆ ಸುಣ್ಣ ಬಳಿದಾಯಿತು. ಮಧ್ಯಾಹ್ನ ಕನ್ನಡಕವಿಲ್ಲದೆ ತಾರಸಿಗೆ ಹೋಗಲಾಗದಷ್ಟು ಬೆಳ್ಳಗಿದೆ, ಆದರೆ ಬರಿಗಾಲಿನಲ್ಲಿ ನಿಲ್ಲಬಹುದು; ಮೊದಲು ಸಂಡಿಗೆ ಹಾಕುವಾಗ ಚಪ್ಪಲಿ ಇಲ್ಲದೆ ಒಂದು ಹೆಜ್ಜೆಯನ್ನೂ ಇಡಲಾಗುತ್ತಿರಲಿಲ್ಲ. ರಾತ್ರಿ ಫ್ಯಾನಿನಿಂದ ಬಿಸಿಗಾಳಿ ಬರುವುದು ಬಹಳ ಕಡಿಮೆಯಾಗಿದೆ. ಈಗ ಉಳಿದಿರುವುದು ಪಶ್ಚಿಮದ ಗೋಡೆ, ಸಂಜೆ ಐದಕ್ಕೆ ಅದು ಕಾದು ನಿಲ್ಲುತ್ತದೆ. ಒಳಗೆ ದಪ್ಪ ಪರದೆ ಹಾಕಿದ್ದೇವೆ, ಸಾಲುತ್ತಿಲ್ಲ.

ತೊಲೆಕಂಬ (ಧಾರವಾಡ)

ಒಳಗಿನ ಪರದೆ ಕೆಲಸ ಮಾಡುವುದು ಬಿಸಿಲು ಗಾಜನ್ನು ದಾಟಿ ಕೋಣೆಗೆ ಬಂದಾದ ಮೇಲೆ, ಗೋಡೆಯ ಕಾವನ್ನಂತೂ ಅದು ತಡೆಯುವುದೇ ಇಲ್ಲ. ನೆರಳು ಹೊರಗೆ ಬೀಳಬೇಕು. ಶೇಡ್ ನೆಟ್ಟನ್ನು ಪ್ಯಾರಪೆಟ್ಟಿನಿಂದ ಇಳಿಬಿಟ್ಟು, ಗೋಡೆಗೆ ತಾಗದಂತೆ ಒಂದಡಿ ಅಂತರದಲ್ಲಿ ಕೆಳಗೆ ಬಿಗಿಯಿರಿ. ಅಂತರದಲ್ಲಿ ಗಾಳಿ ಮೇಲೇರಿ ಕಾವನ್ನು ಒಯ್ಯುತ್ತದೆ. ಕಿಟಕಿಗೆ ಹೊರಗಡೆ ಬಿದಿರು ಕಡ್ಡಿಯ ಪರದೆ (ಚಿಕ್ಕು), ಅಥವಾ ಸಿಕ್ಕುವುದಾದರೆ ಲಾವಂಚದ ತಟ್ಟಿ. ಲಾವಂಚಕ್ಕೆ ಸಂಜೆ ಒಂದು ಚೊಂಬು ನೀರು ಚಿಮುಕಿಸಿದರೆ ಒಳಬರುವ ಗಾಳಿ ತಂಪಾಗುತ್ತದೆ, ಪರಿಮಳವೂ ಬರುತ್ತದೆ. ನನ್ನ ಪಾಲಿಗೆ ಬೇಸಿಗೆಯ ಅತಿ ದೊಡ್ಡ ಸುಖ ಅದೇ. ಪಶ್ಚಿಮದ ಬಿಸಿಲು ತಗ್ಗಿನಿಂದ ಬರುವುದರಿಂದ ಕಿಟಕಿಯ ಮೇಲಿನ ಸಜ್ಜಾ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ, ನಿಂತ ಪರದೆಯೇ ಬೇಕು. ಬರುವ ಮಳೆಗಾಲದಲ್ಲಿ ಗೋಡೆಯ ಬುಡಕ್ಕೆ ಸ್ವಲ್ಪ ಮಣ್ಣಿದ್ದರೆ ಒಂದು ಬಳ್ಳಿ ಹಬ್ಬಿಸಿ. ನಿಮ್ಮ ಹೆಸರಿನ ಬಳ್ಳಿಯೇ ಆಗಬಹುದು.

ಏಸಿಯ ಮಾತು. ಇಷ್ಟೆಲ್ಲ ಆದ ಮೇಲೂ ಮಾವನವರಿಗೆ ಕಷ್ಟವಾದರೆ ಆ ಒಂದು ಕೋಣೆಗೆ ಹಾಕಿಸಿ, ಅದು ಆಡಂಬರವಲ್ಲ. ಆದರೆ ಒಂದೂವರೆ ಟನ್ನಿನ ಏಸಿ ಕಡುಬೇಸಿಗೆಯಲ್ಲಿ ತಾಸಿಗೆ ಒಂದು ಯೂನಿಟ್ಟಿನ ಆಸುಪಾಸು ತಿನ್ನುತ್ತದೆ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ದಾಟಿದ್ದಕ್ಕಷ್ಟೇ ಅಲ್ಲ, ಪೂರ್ತಿ ಬಿಲ್ಲನ್ನು ಕಟ್ಟಬೇಕು ಎಂಬುದನ್ನು ಲೆಕ್ಕದಲ್ಲಿಡಿ. 26ಕ್ಕೆ ಇಟ್ಟು ಮೇಲೆ ಫ್ಯಾನು ತಿರುಗಿಸಿದರೆ 22ಕ್ಕೆ ಇಟ್ಟಷ್ಟೇ ಹಿತವಾಗುತ್ತದೆ. ಹಳೆಯ ಫ್ಯಾನು 75 ವ್ಯಾಟ್ ಬೇಡುತ್ತದೆ, ಕಡಿಮೆ ವಿದ್ಯುತ್ ಬಳಸುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು ಸಾಕು. ದಿನಕ್ಕೆ 15 ತಾಸು ತಿರುಗಿದರೆ ಒಂದೊಂದು ಫ್ಯಾನಿನಲ್ಲಿ ತಿಂಗಳಿಗೆ 20 ಯೂನಿಟ್ ಉಳಿಯುತ್ತದೆ. ಕರೆಂಟ್ ಹೋದಾಗ ಇನ್ವರ್ಟರ್ ಎರಡು ಪಟ್ಟು ಹೊತ್ತು ಬರುವುದು ಅದಕ್ಕಿಂತ ದೊಡ್ಡ ಲಾಭ.

ಹೊಸ ಪಾಯ (ಕೊಪ್ಪಳ)

ಸರ್, ನಮ್ಮದು ಈಗಷ್ಟೇ ಪಾಯ ಆಗಿದೆ, ಮುಂದಿನ ತಿಂಗಳು ಗೋಡೆ ಏಳುತ್ತದೆ. ಕಟ್ಟುವಾಗಲೇ ಮಾಡಿಕೊಳ್ಳಬೇಕಾದದ್ದು ಏನು?

ತೊಲೆಕಂಬ (ಧಾರವಾಡ)

ನೀವು ಒಳ್ಳೆಯ ಹೊತ್ತಿಗೆ ಕೇಳಿದಿರಿ. ನಕ್ಷೆಯನ್ನು ಬದಲಿಸಲು ಇನ್ನೂ ಅವಕಾಶವಿದ್ದರೆ ಸ್ನಾನದ ಮನೆ, ಮೆಟ್ಟಿಲು, ಉಗ್ರಾಣ ಇವನ್ನು ಪಶ್ಚಿಮಕ್ಕೆ ತಳ್ಳಿ, ಮಲಗುವ ಕೋಣೆಯನ್ನು ಆ ಗೋಡೆಯಿಂದ ದೂರವಿಡಿ. ಪ್ರತಿ ಕೋಣೆಗೂ ಎರಡು ಬೇರೆ ಬೇರೆ ದಿಕ್ಕಿನ ಕಿಟಕಿ ಇರಲಿ. ಛಾವಣಿಗೆ ತಾಗಿದಂತೆ ಮೇಲೆ ಬೆಳಕಿಂಡಿ ಬಿಡಿಸಿ. ಈಗಿನವರು ಸ್ಲ್ಯಾಬಿಗೂ ಕಿಟಕಿಗೂ ನಡುವೆ ಎರಡು ಮೂರು ಅಡಿ ಗೋಡೆ ಬಿಡುತ್ತಾರೆ, ಬಿಸಿಗಾಳಿ ಅಲ್ಲಿಯೇ ನಿಂತುಬಿಡುತ್ತದೆ. ಸ್ಲ್ಯಾಬ್ ಆದ ಮೇಲೆ, ನೀರು ಇಳಿಜಾರಿಗೆಂದು ಗಾರೆ ಹಾಕುವ ಮುನ್ನ, ಎರಡು ಇಂಚಿನ ಗಟ್ಟಿ ಫೋಮಿನ ಹಾಳೆಗಳನ್ನು ಹಾಸಿ, ಅದರ ಮೇಲೆ ಗಾರೆ, ಅದರ ಮೇಲೆ ಬಿಳಿ ಟೈಲ್ಸ್ ಕೂರಿಸಿ. ಸುಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಫೋಮು ಉಳಿದ ಕಾವು ಕೆಳಗಿಳಿಯದಂತೆ ತಡೆಯುತ್ತದೆ. ಎರಡೂ ಇದ್ದರೆ ಮೇಲಂತಸ್ತು ಕೆಳಂತಸ್ತಿನಷ್ಟೇ ತಂಪಿರುತ್ತದೆ ಎನ್ನಬಹುದು. ಹಣ ಸಾಲದಿದ್ದರೆ ಈಗ ಫೋಮ್ ಬಿಟ್ಟು ಸುಣ್ಣ ಬಳಿಯಿರಿ, ಆದರೆ ಪ್ಯಾರಪೆಟ್ಟನ್ನೂ ಮೆಟ್ಟಿಲ ಬಾಗಿಲಿನ ಹೊಸ್ತಿಲನ್ನೂ ನಾಲ್ಕು ಇಂಚು ಎತ್ತರಿಸಿಡಿ, ಮುಂದೆ ಹಾಸಲು ಅಡ್ಡಿಯಾಗುವುದಿಲ್ಲ.

ಸೌರಫಲಕ ಹಾಕಿಸುವ ಯೋಚನೆಯಿದ್ದರೆ ಅದೂ ತಾರಸಿಗೆ ನೆರಳೇ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿಯವರೆಗೆ ಸಹಾಯಧನವಿದೆ. ಫಲಕಗಳನ್ನು ನೆಲಕ್ಕೆ ತೀರ ಹತ್ತಿರ ಕೂರಿಸದೆ, ಅಡಿಯಲ್ಲಿ ಗಾಳಿಯಾಡುವಷ್ಟು ಎತ್ತರಕ್ಕೆ ಕಂಬ ಕೊಡಿಸಿ. ಕಂಬಗಳ ಬುಡವನ್ನು ಫೋಮ್ ಮತ್ತು ಟೈಲ್ಸ್ ಹಾಕುವುದಕ್ಕೆ ಮೊದಲೇ ಸ್ಲ್ಯಾಬಿನ ಮೇಲೆ ಕಾಂಕ್ರೀಟಿನಲ್ಲಿ ಕಟ್ಟಿಸಿಕೊಳ್ಳಿ. ಮುಗಿದ ತಾರಸಿಯನ್ನು ಆಮೇಲೆ ಕೊರೆದರೆ ಸೋರುವುದು ಖಂಡಿತ.